ರೇಡಿಯೊಗಿಂತ ಮೊದಲು ಎತ್ತರ

ತಮ್ಮಾ, ಔರಾದ ಶಹಾಜನಿಯಿಂದ ನಿಲಂಗಾ, ಉಮರ್ಗಾದ ಕಡೆಗೆ ಗೆಳೆಯರೆಲ್ಲ ಸೇರಿ ಮೆಶ್ ರೇಡಿಯೊ ಹಾಕುತ್ತೀರೆಂದು ಕೇಳಿ ಸಂತೋಷವಾಯಿತು. ಈ ಸೀಮೆಗೆ ಅದು ಬೇಕೇ ಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ, ಭೂಕಂಪಕ್ಕೆ ಇಲ್ಲಿನ ಕಿಲ್ಲಾರಿ, ಸಾಸ್ತೂರು ನೆಲಸಮವಾದವು. ಸುಮಾರು ಹತ್ತು ಸಾವಿರ ಜೀವ ಹೋದವು. ಆಗ ಸುದ್ದಿ ಮುಟ್ಟಿಸಲು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ರೇಡಿಯೊ ಹೊತ್ತು ಹೊರಗಿನಿಂದ ಬರಬೇಕಾಯಿತು.

ದುಬಾರಿಯಾದ ಒಂದೇ ರೇಡಿಯೊ ಕೊಳ್ಳಬೇಡ. ಸಣ್ಣವು ಮೂರು ತಗೊಂಡು, ಉಳಿದ ದುಡ್ಡನ್ನು ಆಂಟೆನಾ, ಕಂಬ, ಬ್ಯಾಟರಿಗೆ ಹಾಕು. ಮೆಶ್‌ನಲ್ಲಿ ಒಬ್ಬರ ಸಂದೇಶವನ್ನು ಇನ್ನೊಬ್ಬರ ರೇಡಿಯೊ ಮುಂದೆ ದಾಟಿಸುತ್ತದೆ. ಒಂದೇ ಇದ್ದರೆ ದಾಟಿಸುವವರು ಯಾರು? ಅಂಗಡಿಯಲ್ಲಿ ಲೋರಾ ಬೋರ್ಡ್, ಅಂದರೆ ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ಸಣ್ಣ ರೇಡಿಯೊ, ಕೇಳುವಾಗ 433 ಅಲ್ಲ, 868 ಎಂದಿರುವುದನ್ನೇ ಕೇಳು. ನಮ್ಮಲ್ಲಿ ಅದಕ್ಕೆ ಪರವಾನಗಿ ಬೇಡದ ಪಟ್ಟಿ 865–868 ಮೆಗಾಹರ್ಟ್ಸ್. ಅದರಲ್ಲಿ ಮೆಶ್‌ಟಾಸ್ಟಿಕ್ ಎಂಬ ಮೆಶ್ ತಂತ್ರಾಂಶ ಹಾಕಿದ ಮೇಲೆ ಪ್ರದೇಶವನ್ನು ಭಾರತ ಎಂದೇ ಇಡು. ಎತ್ತರದಲ್ಲಿ ಸೋಲಾರ್‌ನಿಂದ ನಡೆಯಬೇಕಾದದ್ದಕ್ಕೆ ಆರ್‌ಎಕೆ 4631 ಬೋರ್ಡ್ ಒಳ್ಳೆಯದು, ಬ್ಯಾಟರಿ ಬೇಗ ಇಳಿಯುವುದಿಲ್ಲ. ಹೆಲ್ಟೆಕ್ ವಿ3 ಬೋರ್ಡ್ ಮನೆಯೊಳಗಿರಲಿ.

ಆಂಟೆನಾ ಸಿಗಿಸದೆ ಎಂದೂ ಚಾಲು ಮಾಡಬೇಡ, ಬೋರ್ಡ್ ಸುಟ್ಟುಹೋದೀತು. ಈ ತರಂಗಕ್ಕೆ ನಡುವೆ ಅಡ್ಡ ಇರಬಾರದು. ತೇರಣಾ, ಮಾಂಜ್ರಾ ದಂಡೆಯ ತಗ್ಗಿನಲ್ಲಿಟ್ಟರೆ ಎಷ್ಟು ಶಕ್ತಿ ಹಾಕಿದರೂ ದಿಬ್ಬ ದಾಟುವುದು ಕಷ್ಟ. ಪಂಚಾಯತಿಯವರನ್ನು ಕೇಳಿ ನೀರಿನ ಟಾಕಿಯ ಮೇಲೆ ಜಾಗ ಪಡೆ. ಉದ್ದನೆಯ ತೆಳು ಕೇಬಲ್ ಅರ್ಧಕ್ಕರ್ಧ ಸಿಗ್ನಲ್ ನುಂಗುತ್ತದೆ, ಆದ್ದರಿಂದ ರೇಡಿಯೊವನ್ನೇ ನೀರು ಹೋಗದ ಡಬ್ಬಿಯಲ್ಲಿಟ್ಟು ಆಂಟೆನಾದ ಬುಡದಲ್ಲಿ ಕಟ್ಟು. ಕಂಬಕ್ಕೆ ಅರ್ಥಿಂಗ್ ಮಾಡಿಸದೆ ಮಳೆಗಾಲಕ್ಕೆ ಕಾಲಿಡಬೇಡ.

ಜೊತೆಗೆ ಹ್ಯಾಮ್ ಪರೀಕ್ಷೆ ಬರೆ. ಪರವಾನಗಿ ಬಂದರೆ ಮೈಕ್ರೋಟಿಕ್, ಯುಬಿಕ್ವಿಟಿ ಡಿಶ್‌ಗಳಲ್ಲಿ ಎಆರ್‌ಇಡಿಎನ್ ಎಂಬ ಹ್ಯಾಮ್ ಮೆಶ್ ತಂತ್ರಾಂಶ ಹಾಕಿ ಧ್ವನಿ, ಚಿತ್ರವನ್ನೂ ಸಾಗಿಸಬಹುದು. ಆದರೆ ಹ್ಯಾಮ್ ಪಟ್ಟಿಯಲ್ಲಿ ಗುಪ್ತ ಸಂಕೇತಕ್ಕೆ ಅವಕಾಶವಿಲ್ಲ, ಅದು ನೆನಪಿರಲಿ.

ಮೂರನೆಯ ರೇಡಿಯೊವನ್ನು ಹಳ್ಳಿಯ ಆಶಾ ಕಾರ್ಯಕರ್ತೆಗೆ ಕೊಟ್ಟು, ಬ್ಲೂಟೂತ್‌ನಿಂದ ಫೋನಿಗೆ ಜೋಡಿಸುವುದನ್ನು ಕಲಿಸು. ಒಂದು ಸಂದೇಶಕ್ಕೆ ಇನ್ನೂರು ಚಿಲ್ಲರೆ ಬೈಟ್ ಅಷ್ಟೇ ಜಾಗ. ಕನ್ನಡವಾಗಲಿ ಮರಾಠಿಯಾಗಲಿ, ಅಕ್ಷರಕ್ಕೆ ಮೂರು ಬೈಟ್‌ಗೆ ಕಡಿಮೆ ಇಲ್ಲ. ಗುಣಿತ, ಒತ್ತಕ್ಷರಕ್ಕೆ ಇನ್ನೂ ಹೆಚ್ಚು. ಹಾಗಾಗಿ ಈಗಲೇ ಎಲ್ಲರೂ ಕೂತು ಗೊತ್ತುಮಾಡಿಕೊಳ್ಳಿ: ಮೊದಲು ಊರು, ಆಮೇಲೆ ಎಷ್ಟು ಜನ, ಏನು ಬೇಕು, ಅಷ್ಟೇ.