ಹಾಡಿಗೆ ವಯಸ್ಸಾಗಲಿ ಮಗೂ, ಆಮೇಲೆ ತೀರ್ಪು ಕೊಡು

ನಿನಗೆ ಕಂಠ ಇದೆ, ಕಿವಿ ಇದೆ, ನಾಲ್ಕು ಸಾಲು ಪದ ಕಟ್ಟುವ ಶಕ್ತಿಯೂ ಇದೆ. ಇಲ್ಲದ್ದು ತಾಳ್ಮೆ ಒಂದೇ. ಹಾಡನ್ನು ಯೂಟ್ಯೂಬಿಗೆ ಹಾಕಿ, ಕೈಯಲ್ಲಿರುವ ಕಾಫಿ ಆರುವುದರೊಳಗೆ ಮತ್ತೆ ಮತ್ತೆ ವ್ಯೂಸ್ ನೋಡುತ್ತೀಯ. ಏರಲಿಲ್ಲ ಅಂದರೆ ಮುಖ ಊದಿಸಿಕೊಂಡು ಸಿದ್ಧಾರ್ಥನಗರದಿಂದ ಕಾರಂಜಿ ಕೆರೆ ಕಡೆ ಹೊರಟುಬಿಡುತ್ತೀಯ. ಟ್ರೆಂಡಿಂಗಿನಲ್ಲಿರುವುದು ಗೆದ್ದಿತು, ನನ್ನದು ಸೋತಿತು ಅಂತ ಒಂದೇ ಸಂಜೆಯಲ್ಲಿ ಷರಾ ಬರೆದುಕೊಳ್ಳುವಷ್ಟು ಅವಸರ ಏನು?

ಆ ನಂಬರು ಏನನ್ನು ಎಣಿಸುತ್ತದೆ ಅಂತ ಮೊದಲು ಕೇಳಿಕೋ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಓಡಿದರೆ ಒಂದು ಲೆಕ್ಕ. ಕೇಳಿದವರು ಕಣ್ಣೊರೆಸಿಕೊಂಡರೂ ಒಂದೇ, ಹುರುಳಿಕಾಯಿ ಸೋಸುತ್ತಾ ಮರೆತರೂ ಒಂದೇ. 2019ರ ಜುಲೈನಲ್ಲಿ ಬಾದ್‌ಶಾ ಅವರ ‘ಪಾಗಲ್’ ಹಾಡಿಗೆ 24 ಗಂಟೆಯಲ್ಲಿ ಏಳೂವರೆ ಕೋಟಿ ವ್ಯೂಸ್ ಬಂತು ಅಂತ ಸುದ್ದಿಯಾಯಿತು. ಜಾಹೀರಾತಿಗೆ ದುಡ್ಡು ಸುರಿದು ಬಂದ ವ್ಯೂಸ್‌ಗಳನ್ನು ಎಣಿಸಬೇಕೋ ಬೇಡವೋ ಅನ್ನುವ ಜಗಳ ಎದ್ದಿತು. ಸೆಪ್ಟೆಂಬರಿಗೆ ಯೂಟ್ಯೂಬ್ ಅಂಥ ವ್ಯೂಸ್‌ಗಳನ್ನು ತನ್ನ ಸಂಗೀತ ಪಟ್ಟಿಗಳಿಂದ ಕೈಬಿಟ್ಟಿತು. ಅಳತೆಗೋಲೇ ಬದಲಾಗುವ ಕಡೆ ನೀನು ನಿದ್ದೆ ಕೆಡಿಸಿಕೊಳ್ಳುತ್ತಿದ್ದೀಯ.

ಇದು ಇಂದಿನ ಪಾಡು ಮಾತ್ರ ಅಂದುಕೊಳ್ಳಬೇಡ. 1967ರಲ್ಲಿ ಬೀಟಲ್ಸ್ ತಂಡದವರು ‘ಪೆನ್ನಿ ಲೇನ್’, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎರಡನ್ನೂ ಒಂದೇ ರೆಕಾರ್ಡಿನ ಎರಡು ಮಗ್ಗುಲಿಗೆ ಹಾಕಿ ಬಿಟ್ಟರು. ಇಂಗ್ಲೆಂಡಿನ ಮುಖ್ಯ ಪಟ್ಟಿಯಲ್ಲಿ ಅದಕ್ಕೆ ಎರಡನೇ ಸ್ಥಾನ. ಮೇಲೆ ಕೂತದ್ದು ‘ರಿಲೀಸ್ ಮಿ’. ಹಾಡಿದವರು ನಮ್ಮ ಮದ್ರಾಸಿನಲ್ಲಿ ಹುಟ್ಟಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್. ಅದೇ ಹೊತ್ತಿಗೆ ‘ಮೆಲೋಡಿ ಮೇಕರ್’ ಪತ್ರಿಕೆಯ ಪಟ್ಟಿಯಲ್ಲಿ ಬೀಟಲ್ಸ್ ಮೊದಲು. ಒಂದೇ ಊರು, ಒಂದೇ ರೆಕಾರ್ಡು, ಎರಡು ತೀರ್ಪು!

ನಮ್ಮ ಮನೆಗಳಲ್ಲೂ ಒಂದು ಪಟ್ಟಿಯ ಹುಚ್ಚಿತ್ತು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಬಿನಾಕಾ ಗೀತಮಾಲಾ. ಬುಧವಾರ ರಾತ್ರಿ ಅಮೀನ್ ಸಯಾನಿಯವರ ದನಿ ಬಂತೆಂದರೆ ಊಟದ ತಟ್ಟೆ ರೇಡಿಯೋ ಪಕ್ಕಕ್ಕೇ ಬರುತ್ತಿತ್ತು. ಅದು ಹಿಂದಿ ಚಿತ್ರಗೀತೆಗಳ ಪಟ್ಟಿ. ಕನ್ನಡದ ಒಂದು ಹಾಡೂ ಅದರಲ್ಲಿ ಕೂರುವಂತಿರಲಿಲ್ಲ. ಹಾಗಂತ ಕನ್ನಡದವರು ಕನ್ನಡ ಹಾಡುವುದನ್ನು ಬಿಟ್ಟರೇ?

ಈಗ ನಮ್ಮೂರಿನ ಹೆಸರು ಹೊತ್ತವರ ಮಾತಿಗೆ ಬರುತ್ತೇನೆ, ಮೈಸೂರು ಅನಂತಸ್ವಾಮಿ. ನಿಸಾರ್ ಅಹಮದರ ಕವಿತೆಗಳಿಗೆ ಅವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಸಿನಿಮಾ ಇಲ್ಲ, ನಾಯಕ ಇಲ್ಲ, ಕುಣಿತ ಇಲ್ಲ. ಒಂದು ಮನೆಯವರು ಕೊಂಡರೆ ಅಕ್ಕಪಕ್ಕದವರೆಲ್ಲ ಕೇಳುವರು, ಎರವಲು ಒಯ್ಯುವರು, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವರು. ಅಂಗಡಿಯವರ ಲೆಕ್ಕದಲ್ಲಿ ಅಷ್ಟೂ ಸೇರಿ ಮಾರಾಟ ಒಂದು. ಶಾಲೆಯ ಮೇಷ್ಟ್ರು ಅದನ್ನು ಮಕ್ಕಳಿಗೆ ಕಲಿಸಿದಾಗ, ಸೀಮಂತದ ಮನೆಯಲ್ಲಿ ಯಾರೋ ಅತ್ತಿಗೆ ನಾಚಿಕೊಂಡೇ ಹಾಡಿದಾಗ, ಅದನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ ಹೇಳು? ಮದುವೆ ಊಟದಲ್ಲಿ ಎಷ್ಟು ಎಲೆ ಎದ್ದವು ಅನ್ನುವುದನ್ನು ಎಣಿಸಬಹುದು; ಸಾರು ಇನ್ನೊಂದು ಸೌಟು ಹಾಕಿ ಅಂದವರ ಲೆಕ್ಕ ಬಡಿಸುವವನಿಗೆ ಮಾತ್ರ ಗೊತ್ತು.

ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವ ಚರ್ಚೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಹೊರಡಿಸಿತು. ಅವರು ತೀರಿಕೊಂಡದ್ದು 1995ರಲ್ಲಿ. ಲೆಕ್ಕ ಹಾಕು, 27 ವರ್ಷ. ನೀನು ಶುಕ್ರವಾರ ಬಿಟ್ಟ ಹಾಡಿಗೆ ಭಾನುವಾರವೇ ತಿಥಿ ಮಾಡುತ್ತಿದ್ದೀಯ!

ನಂಬರೇ ಬೇಡ ಅನ್ನುವ ಮೊಂಡನಲ್ಲ ನಾನು. ವ್ಯೂಸ್ ಬಂದರೆ ನಾಲ್ಕು ಕಾಸು ಬರುತ್ತದೆ, ತಬಲಾದವರಿಗೆ ಸಮಯಕ್ಕೆ ದುಡ್ಡು ಕೊಡಬಹುದು. ಜನ ಮುಗಿಬಿದ್ದ ಹಾಡೂ ಬಾಳುತ್ತದೆ. ಜಯಂತ ಕಾಯ್ಕಿಣಿಯವರು 2006ರ ‘ಮುಂಗಾರು ಮಳೆ’ಗೆ ಬರೆದದ್ದನ್ನು ಇವತ್ತಿಗೂ ಹುಡುಗರು ಗುನುಗುತ್ತಾರೆ. ಹಂಸಲೇಖ ಬರೆದು, ರಾಜ್‌ಕುಮಾರ್ ಹಾಡಿದ ‘ಆಕಸ್ಮಿಕ’ ಚಿತ್ರದ ಕನ್ನಡ ನಾಡಿನ ಹಾಡು 1993ರದ್ದು. ಚಿತ್ರ ಥಿಯೇಟರಿನಿಂದ ಎಂದೋ ಇಳಿಯಿತು. ಹಾಡು ಪ್ರತಿ ನವೆಂಬರಿನಲ್ಲೂ ಆಟೋ ನಿಲ್ದಾಣದ ಧ್ವಜಸ್ತಂಭದ ಕೆಳಗೆ ಮೊಳಗುತ್ತದೆ.

ಹಾಗಾಗಿ ಒಂದೆರಡು ಮಾತು ಕೇಳು. ದುಡ್ಡು ಕೊಟ್ಟು ವ್ಯೂಸ್ ತರಿಸಬೇಡ. ಆ ದುಡ್ಡಲ್ಲಿ ಒಳ್ಳೆ ಕೊಳಲಿನವರನ್ನು ಕರೆಸು. ಗೆಳತಿಯ ಹಾಡಿಗೆ ಲಕ್ಷ ದಾಟಿತು ಅಂತ ಹೊಟ್ಟೆ ಉರಿದುಕೊಳ್ಳಬೇಡ, ಹೋಗಿ ಚೆನ್ನಾಗಿದೆ ಅನ್ನು, ನಾಲಿಗೆ ಸವೆಯುವುದಿಲ್ಲ. ಮುಖ್ಯವಾಗಿ, ನಿನ್ನ ಹಾಡನ್ನು ಮೈಕು, ಕೀಬೋರ್ಡು ಏನೂ ಇಲ್ಲದೆ ಜನರ ನಡುವೆ ಕೂತು ಹಾಡು. ನಮ್ಮ ಬೀದಿಯ ಮಕ್ಕಳನ್ನು ಸೇರಿಸಿ ಪಲ್ಲವಿ ಹೇಳಿಕೊಡು. ಹೇಳಿಕೊಟ್ಟು ಸುಮ್ಮನಾಗು, ನೆನಪಿಸಬೇಡ. ದೀಪಾವಳಿ ಕಳೆದ ಮೇಲೂ ಅವರಲ್ಲಿ ಒಬ್ಬರು ಸೈಕಲ್ ತುಳಿಯುತ್ತಾ ಅದನ್ನು ಹಾಡುತ್ತಿದ್ದರೆ, ಓಡಿ ಬಂದು ಮೊದಲು ನನಗೆ ಹೇಳು.