ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿ ಜೊತೆಗಿರಲಿ

ದುಬೈಗೋ ಅಮೆರಿಕಕ್ಕೋ ಮಕ್ಕಳ ಮನೆಗೆ ಹೊರಡುವ ಹಿರಿಯರು ಜಾಗ ಉಳಿಸಲೆಂದು ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ, ಬೆಳಿಗ್ಗೆ–ರಾತ್ರಿ ಎಂದು ಬರೆದ ಡಬ್ಬಿಗೆ ತುಂಬಿಕೊಳ್ಳುತ್ತಾರೆ. ಮನೆಯಲ್ಲಿ ಇದು ಒಳ್ಳೆಯ ಅಭ್ಯಾಸ. ದೇಶದ ಗಡಿ ದಾಟುವಾಗ ಮಾತ್ರ ಬೇಡ.

ನಮ್ಮ ದೇಶದೊಳಗೆ ಬಿ.ಪಿ., ಶುಗರ್ ಮಾತ್ರೆಗಳನ್ನು ಡಬ್ಬಿಯಲ್ಲಿ ಒಯ್ದರೆ ಯಾರೂ ಕೇಳುವುದಿಲ್ಲ. ನಿದ್ರೆ, ಆತಂಕ, ತೀವ್ರ ನೋವಿನ ಕೆಲವು ಮಾತ್ರೆಗಳ ಮಾತು ಬೇರೆ. ಆಲ್ಪ್ರಜೋಲಾಮ್, ಡಯಾಜೆಪಾಮ್, 2018ರಿಂದ ಟ್ರಮಡಾಲ್ ಕೂಡ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತವೆ. ವೈದ್ಯರ ಚೀಟಿಯಿದ್ದರೆ ಸ್ವಂತ ಬಳಕೆಗೆ ಒಮ್ಮೆಗೆ 100 ಮಾತ್ರೆ ಇಟ್ಟುಕೊಳ್ಳಬಹುದು. ದೀರ್ಘಕಾಲದ ಚಿಕಿತ್ಸೆಗೆಂದು ಬರೆದಿದ್ದರೆ 300ರವರೆಗೆ.

ವಿದೇಶಕ್ಕಾದರೆ ಮೊದಲು ವೈದ್ಯರ ಬಳಿ ಹೋಗಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಪತ್ರ ಪಡೆಯಿರಿ. ಕಾಯಿಲೆ, ಮಾತ್ರೆಯ ಮೂಲ ಔಷಧದ ಹೆಸರು, ಪ್ರಮಾಣ, ದಿನಕ್ಕೆಷ್ಟು ಎಂಬುದು ಅದರಲ್ಲಿರಬೇಕು. ಬ್ರ್ಯಾಂಡ್ ಹೆಸರೊಂದೇ ಸಾಲದು. ನಮ್ಮ ಬ್ರ್ಯಾಂಡುಗಳು ಅಲ್ಲಿಯ ಅಧಿಕಾರಿಗೆ ಗೊತ್ತಿರುವುದಿಲ್ಲ.

ಆ ಮೂಲ ಹೆಸರುಗಳನ್ನು ಹಿಡಿದು ನೀವು ಹೋಗುವ ದೇಶದ ನಿಯಮ ನೋಡಿ. ಮಂಡಿನೋವಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿರುತ್ತದೆ. ಶುಗರ್ ಇರುವವರ ಕಾಲುರಿಗೆ ಬರೆಯುವ ಪ್ರೆಗಾಬಾಲಿನ್ ಇಲ್ಲಿ ತೀರಾ ಸಾಮಾನ್ಯ. ಯುಎಇಯಲ್ಲಿ ಇವೆರಡೂ ನಿಯಂತ್ರಿತ ಔಷಧಗಳು, ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಅಷ್ಟೇ. ಹೊರಡುವ ಮೊದಲೇ ಅಲ್ಲಿಯ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಮಗಳೋ ಅಳಿಯನೋ ಅಲ್ಲಿದ್ದರೆ ಈ ಕೆಲಸ ಅವರಿಗೇ ಒಪ್ಪಿಸಿ. (ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಬೇಡಿ. ಯುಎಇಯಲ್ಲಿ ಅದಕ್ಕೂ ನಿಷೇಧವಿದೆ.)

ಇನ್ನು ಸ್ಟ್ರಿಪ್ಪಿನ ವಿಷಯ. ನಮ್ಮವರು ಎಡವುವುದೇ ಇಲ್ಲಿ. ಆರು ಮಾತ್ರೆ ಕೇಳಿದರೆ ಮೆಡಿಕಲ್ ಶಾಪಿನವರು ಹತ್ತರ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಸಾಮಾನ್ಯವಾಗಿ ಒಂದು ತುದಿಯಲ್ಲಷ್ಟೇ ಇರುತ್ತದೆ. ಆ ತುದಿ ಅಂಗಡಿಯಲ್ಲೇ ಉಳಿದರೆ, ನಿಮ್ಮ ಕೈಗೆ ಬರುವುದು ಅರ್ಧ ಹೆಸರಿನ ತುಂಡು. ಅದನ್ನು ಒಯ್ಯುವುದೂ ಡಬ್ಬಿಯಲ್ಲಿ ಬಿಡಿ ಮಾತ್ರೆ ಒಯ್ಯುವುದೂ ಒಂದೇ. ಪ್ರಯಾಣಕ್ಕೆ ಪೂರ್ತಿ ಸ್ಟ್ರಿಪ್ಪನ್ನೇ ಕೊಳ್ಳಿ. ನುಂಗುವಾಗಲೂ ತಾರೀಖಿಲ್ಲದ ತುದಿಯಿಂದ ಶುರುಮಾಡಿ.

ಪೂರ್ತಿ ಸ್ಟ್ರಿಪ್ ಇದ್ದರೂ ಕೆಲಸ ಮುಗಿಯಲಿಲ್ಲ. ಅಮೆರಿಕದಲ್ಲಿ ಔಷಧ ಅಂಗಡಿಯವರು ಕೊಡುವ ಬಾಟಲಿಯ ಮೇಲೆ ರೋಗಿಯ ಹೆಸರು, ವೈದ್ಯರ ಹೆಸರು ಅಂಟಿಸಿರುತ್ತಾರೆ. ‘ಮೂಲ ಪೊಟ್ಟಣದಲ್ಲೇ ತನ್ನಿ’ ಎಂಬ ಅಲ್ಲಿಯ ನಿಯಮ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಸ್ಟ್ರಿಪ್ಪು ಇದು ಯಾವ ಮಾತ್ರೆ ಎಂದು ಹೇಳೀತು, ಯಾರದ್ದು ಎಂದು ಹೇಳದು. ಅದಕ್ಕೆ ಚೀಟಿ ಮತ್ತು ಅಂಗಡಿಯ ಬಿಲ್ ಬೇಕು. ಬಿಲ್ ಮೇಲೆ ರೋಗಿಯ ಹೆಸರು ಹಾಕಿಸಿಕೊಳ್ಳಿ. ಸುಮ್ಮನೆ ‘ಕ್ಯಾಶ್’ ಎಂದು ಬರೆಯಲು ಬಿಡಬೇಡಿ.

ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿಸಿರುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಬರೀ ‘ಶಾರದಮ್ಮ, 68’ ಎಂದಿರುತ್ತದೆ. ನಮಗೆ ಇಬ್ಬರೂ ಒಬ್ಬರೇ, ಕೌಂಟರಿನ ಆಚೆ ಕೂತವರಿಗೆ ಹಾಗೆ ಕಾಣಬೇಕಿಲ್ಲ. ಹೊಸ ಚೀಟಿ ಬರೆಸುವಾಗ ಪಾಸ್‌ಪೋರ್ಟಿನ ಜೆರಾಕ್ಸ್ ಮುಂದಿಟ್ಟು ಬರೆಸಿ.

ಅಮೆರಿಕಕ್ಕೆ ಸುಮಾರು 90 ದಿನಕ್ಕಾಗುವಷ್ಟು ಔಷಧ ಒಯ್ಯಬಹುದು. ಮೂಲ ಪೊಟ್ಟಣ ಇಲ್ಲದಿದ್ದರೆ ಚೀಟಿಯ ಪ್ರತಿ ಅಥವಾ ವೈದ್ಯರ ಪತ್ರ ಕಡ್ಡಾಯ. ಇಳಿದ ಮೇಲೂ ಎಚ್ಚರವಿರಲಿ: ಕೆಲವು ರಾಜ್ಯಗಳಲ್ಲಿ ನಿಯಂತ್ರಿತ ಔಷಧವನ್ನು ಅದರ ಪೊಟ್ಟಣದಿಂದ ಹೊರಗೆ ಜೇಬಿನಲ್ಲಿಟ್ಟುಕೊಂಡು ತಿರುಗುವುದೂ ಅಪರಾಧ. ವಾರದ ಡಬ್ಬಿ ಮಗನ ಮನೆಯ ಮೇಜಿನ ಮೇಲಿರಲಿ.

ಉಳಿದದ್ದು ಚುಟುಕಾಗಿ. ಔಷಧ, ಚೀಟಿ, ಬಿಲ್ಲು ಹ್ಯಾಂಡ್ ಬ್ಯಾಗಿನಲ್ಲೇ ಇರಲಿ. ಇನ್ಸುಲಿನ್ ಅನ್ನು ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಕಸ್ಟಮ್ಸ್ ಫಾರಂ ಕೇಳಿದರೆ ಔಷಧ ಇದೆ ಎಂದು ಬರೆಯಿರಿ. ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಎರಡು ಸ್ಟ್ರಿಪ್ ತಲುಪಿಸಿ’ ಎಂದರೆ, ಎಷ್ಟೇ ಆತ್ಮೀಯರಾದರೂ ಆಗುವುದಿಲ್ಲ ಎಂದುಬಿಡಿ.