ಹೆಜ್ಜೆ ಗುರುತು ಓದುವವರೇ ವರದಿಯನ್ನೂ ಬರೆಯಲಿ

ಈ ತಿಂಗಳ ಅಧ್ಯಯನ: ಯುವಜನರಿಗೆ ಮತ್ತು ಕಿರು ಕ್ರೈಸ್ತ ಸಮುದಾಯಗಳಿಗೆ
ಮೊದಲು ಓದಬೇಕಾದ ಭಾಗ: ಲೂಕ 24:13-35



ಮೇ ತಿಂಗಳು ಬಂದರೆ ನಮ್ಮ ಮನೆಗಳಲ್ಲಿ ಎರಡು ವಿಷಯ ಮುಖ್ಯ. ಸಂಜೆ ಮಾತೆ ಮರಿಯಮ್ಮನವರ ಜಪಸರ, ಹಗಲೆಲ್ಲ ಮಕ್ಕಳ ರಿಸಲ್ಟ್. ಯಾವ ಗ್ರೂಪ್, ಯಾವ ಕಾಲೇಜು, ಯಾವ ಹಾಸ್ಟೆಲ್ ಎಂದು ಅಣ್ಣ, ಅತ್ತೆ, ಪಕ್ಕದ ಮನೆಯ ಟೀಚರು, ಫಾದರ್, ಸಿಸ್ಟರ್ ಎಲ್ಲರನ್ನೂ ಕೇಳುತ್ತೇವೆ. ಹೀಗೆ ಕೇಳಲು ಯಾರೂ ಇಲ್ಲದ ಮನೆಗಳು ನಮ್ಮ ಊರುಗಳ ಅಂಚಿನಲ್ಲೇ ಇವೆ. ಮಸಿನಗುಡಿ, ಗೂಡಲೂರು ಸುತ್ತಲಿನ ಹಾಡಿಗಳ ಮಕ್ಕಳು ಈಗ ಹತ್ತನೆಯ, ಹನ್ನೆರಡನೆಯ ತರಗತಿ ಪಾಸಾಗುತ್ತಿದ್ದಾರೆ. ಆಮೇಲೆ ಏನು? ಈ ತಿಂಗಳು ಅದನ್ನೇ ಅಧ್ಯಯನ ಮಾಡೋಣ.

1. ನಮ್ಮ ನೆರೆಯವರು ಯಾರು?

ತಮಿಳುನಾಡಿನಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿರುವ ಬುಡಕಟ್ಟುಗಳು ಆರು: ತೋಡ, ಕೋಟ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ. ಆರೂ ನಮ್ಮ ನೀಲಗಿರಿಯಲ್ಲಿವೆ. ಇವರಲ್ಲಿ ಕಾಟ್ಟುನಾಯಕರು ಎಂದರೆ ಕರ್ನಾಟಕದ ಕಡೆ ನಾವು ಜೇನುಕುರುಬರು ಎನ್ನುವವರೇ. ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಬೆಟ್ಟಕುರುಂಬರ ಮಾತನ್ನೂ ಸ್ವಲ್ಪ ನಿಧಾನವಾಗಿ ಕೇಳಿದರೆ ನಮ್ಮ ಅಜ್ಜಿಯರಿಗೆ ಅರ್ಥವಾಗುತ್ತದೆ.

ಭಾಷೆಯ ಈ ಸಂಗತಿ ನಮಗೆ ಸಣ್ಣದಲ್ಲ. ನಮ್ಮ ಧರ್ಮಕ್ಷೇತ್ರ 1955ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟಿತು. ಅಂದಿನಿಂದ ತಮಿಳು, ಮಲಯಾಳಂ ಪೂಜೆಗಳ ನಡುವೆ ನಮ್ಮ ಕನ್ನಡ ಪೂಜೆಯನ್ನು ಉಳಿಸಿಕೊಂಡು ಬಂದಿದ್ದೇವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮೂರನೆಯದು ಎಂಬ ಕಷ್ಟ ನಮಗೆ ಗೊತ್ತು. ನಾನು ಬಿ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಪಾಠ ಅರ್ಥವಾಗದೆ ಅತ್ತದ್ದಲ್ಲ, ಪ್ರಶ್ನೆ ಕೇಳಲು ಇಂಗ್ಲಿಷ್ ವಾಕ್ಯ ಬಾರದೆ ಅತ್ತದ್ದು. ಹಾಡಿಯ ಹುಡುಗ ಹುಡುಗಿಯರಿಗೂ ಇದೇ ಕಷ್ಟ. ಅವರ ಮನೆಮಾತಿಗೆ ಹತ್ತಿರದ ಮಾತಾಡುವ, ಕಾಲೇಜು ಕಂಡಿರುವ ನೆರೆಯವರು ನಾವು.

2. ಗೊತ್ತಿರುವುದು ಒಬ್ಬರಿಗೆ, ಬರೆಯುವುದು ಇನ್ನೊಬ್ಬರು

2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರವನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದೆವು. ತೆಪ್ಪಕಾಡಿನ ಬೊಮ್ಮನ್ ಮತ್ತು ಬೆಳ್ಳಿ ಕಾಟ್ಟುನಾಯಕ ಸಮುದಾಯದವರು. ತಾಯಿ ಇಲ್ಲದ ಆನೆಮರಿಯನ್ನು ಬದುಕಿಸುವ ಕಲೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಮುದುಮಲೈಯಲ್ಲಿ ಹುಲಿ ಗಣತಿ ನಡೆಯುವಾಗ ಮುಂದೆ ನಡೆಯುವವರು ಯಾರು? ಹಾಡಿಯ ವಾಚರ್‌ಗಳು. ಹೆಜ್ಜೆ ಗುರುತು ಇವತ್ತಿನದೋ ನಿನ್ನೆಯದೋ, ಗಂಡೋ ಹೆಣ್ಣೋ ಎಂದು ಅವರು ಹೇಳುತ್ತಾರೆ. ಹಿಂದೆ ಬರುವವರು ಬರೆದುಕೊಳ್ಳುತ್ತಾರೆ. ವಾಚರ್ ಕೆಲಸಕ್ಕೆ ಹೆಚ್ಚು ಓದು ಬೇಡ. ರೇಂಜರ್ ಆಗಲು, ಜೀವಶಾಸ್ತ್ರಜ್ಞರಾಗಲು ವಿಜ್ಞಾನದ ಪದವಿ ಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಗಣಿತದಂಥ ಒಂದಾದರೂ ವಿಷಯವನ್ನು ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಇರಬೇಕು. ಹೀಗಾಗಿ ಕಾಡು ಗೊತ್ತಿರುವವರು ದಿನಗೂಲಿಯಲ್ಲಿ ಉಳಿಯುತ್ತಾರೆ, ಕಾಡಿನ ಬಗ್ಗೆ ತೀರ್ಮಾನ ಬೇರೆಯವರ ಮೇಜಿನ ಮೇಲೆ ಆಗುತ್ತದೆ.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರದ 146ನೇ ಪರಿಚ್ಛೇದದಲ್ಲಿ ಇದನ್ನೇ ಎತ್ತಿದ್ದಾರೆ. ಮೂಲನಿವಾಸಿಗಳು ಹಲವು ಅಲ್ಪಸಂಖ್ಯಾತರ ಪೈಕಿ ಇನ್ನೊಂದು ಗುಂಪು ಮಾತ್ರವಲ್ಲ. ಅವರ ನೆಲದ ವಿಷಯ ಬಂದಾಗ ಮೊದಲು ಮಾತಾಡಬೇಕಾದದ್ದು ಅವರೊಡನೆ ಎಂಬುದು ಅದರ ಸಾರ. ಆ ಮಾತುಕತೆಗೆ ಅವರೂ ಸಮಾನವಾಗಿ ಕೂರಬೇಕಾದರೆ ಕಾಲೇಜಿನ ಬಾಗಿಲು ಅವರಿಗೂ ತೆರೆಯಬೇಕು.

3. ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು

ಇದು ಆಗದ ಮಾತಲ್ಲ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಸತ್ಯಮಂಗಲದ ಕಾಡು ದಾಟಿದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಅಲ್ಲಿನವರು ಸೋಲಿಗರು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಮೊದಲು ಆಸ್ಪತ್ರೆ, ಆಮೇಲೆ ಶಾಲೆ. ಆ ಶಾಲೆಯಲ್ಲಿ ಓದಿದ ಸಿ. ಮಾದೇಗೌಡರು ಮುಂದೆ ಡಾಕ್ಟರೇಟ್ ಪಡೆದ ಮೊದಲ ಸೋಲಿಗರಾದರು. ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯಲ್ಲಿ ಸಂಶೋಧಕರಾಗಿ, ತಮ್ಮ ಜನರ ಅರಣ್ಯ ಹಕ್ಕಿಗಾಗಿಯೂ ದುಡಿದರು. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರವೂ ಸಿಕ್ಕಿತು.

ಇನ್ನೊಂದು ಸಂಗತಿ. ಲಂಟಾನ ನಮಗೆಲ್ಲ ಗೊತ್ತು. ಮಸಿನಗುಡಿ ರಸ್ತೆಯ ಎರಡೂ ಬದಿ ಅದೇ. ಅದು ಕಾಡನ್ನು ಹೇಗೆ ನುಂಗಿತು? ಸೋಲಿಗ ಹಿರಿಯರ ವಿವರಣೆ ಹೀಗಿದೆ: ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗೆ ಸಣ್ಣಗೆ ‘ತರಗು ಬೆಂಕಿ’ ಕೊಡುತ್ತಿದ್ದೆವು. ಅದು ಎಳೆಯ ಲಂಟಾನವನ್ನು ಸುಡುತ್ತಿತ್ತು, ನೆಲ್ಲಿ ಮರಗಳ ಮೇಲಿನ ಬದನಿಕೆಯನ್ನು ಹತೋಟಿಯಲ್ಲಿಡುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಎರಡೂ ಹೆಚ್ಚಿದವು. ವಿಜ್ಞಾನಿಗಳು ಈ ಮಾತನ್ನು ಅಜ್ಜನ ಕಥೆ ಎಂದು ತಳ್ಳದೆ ಸಂಶೋಧನೆಗೆ ತೆಗೆದುಕೊಂಡರು, ಪ್ರಬಂಧಗಳನ್ನು ಪ್ರಕಟಿಸಿದರು. ಇಂದಿಗೂ ಚರ್ಚೆ ನಡೆಯುತ್ತಿದೆ. ಹಿರಿಯರ ಅನುಭವ ವಿಜ್ಞಾನದ ಮೇಜಿಗೆ ಬರಬೇಕಾದರೆ ಎರಡೂ ಭಾಷೆ ಬಲ್ಲವರು ಬೇಕು ಎಂಬುದು ನಮಗೆ ಇಲ್ಲಿರುವ ಪಾಠ.

ಗೂಡಲೂರಿನಲ್ಲೂ ಇಂಥದೇ ಉದಾಹರಣೆ ಇದೆ. 1980ರ ದಶಕದಲ್ಲಿ ಸ್ಟ್ಯಾನ್ ಮತ್ತು ಮಾರಿ ಥೇಕೇಕರ ದಂಪತಿ ಆರಂಭಿಸಿದ ಅಕಾರ್ಡ್ ಸಂಸ್ಥೆಯ ಕೆಲಸದಿಂದ ಗೂಡಲೂರು ಆದಿವಾಸಿ ಆಸ್ಪತ್ರೆ ಬೆಳೆಯಿತು. ಹೊರಗಿನಿಂದ ನರ್ಸ್‌ಗಳನ್ನು ಕರೆತರುವ ಬದಲು ಆದಿವಾಸಿ ಹುಡುಗಿಯರಿಗೇ ಅಲ್ಲಿ ತರಬೇತಿ ಕೊಟ್ಟರು. ಜ್ವರ ಬಂದ ಅಜ್ಜಿಗೆ ಅವಳ ಮಾತಿನಲ್ಲೇ ಉತ್ತರ ಸಿಕ್ಕಿತು. ಆಸ್ಪತ್ರೆಯಲ್ಲಿ ಆದದ್ದು ಅರಣ್ಯದ ಕಚೇರಿಯಲ್ಲಿ, ಪ್ರಯೋಗಾಲಯದಲ್ಲಿ ಏಕೆ ಆಗಬಾರದು?

4. ನಮ್ಮ ತಪ್ಪೊಂದು

ಇದನ್ನು ಬರೆಯಲು ನನಗೆ ಸಂಕೋಚ. ಆದರೂ ಬರೆಯಬೇಕು.

ಎರಡು ವರ್ಷದ ಹಿಂದೆ ನಮ್ಮ ಯುವಕ ಸಂಘ ಒಂದು ಹಾಡಿಯ ಮಕ್ಕಳಿಗೆ ಬ್ಯಾಗು, ನೋಟುಬುಕ್ಕು ಕೊಟ್ಟಿತು. ಫೋಟೋ ತೆಗೆದುಕೊಂಡೆವು. ಆ ವರ್ಷ ಅಲ್ಲಿಯ ಒಬ್ಬ ಹುಡುಗಿಗೆ ಕಾಲೇಜಿನಲ್ಲಿ ವಿಜ್ಞಾನದ ಸೀಟು ಸಿಕ್ಕಿತು. ಪೂಜೆಯ ಕೊನೆಯಲ್ಲಿ ಪ್ರಕಟಣೆ ಮಾಡಿ ಚಪ್ಪಾಳೆ ತಟ್ಟಿದೆವು. ಸೆಪ್ಟೆಂಬರ್‌ನಲ್ಲಿ ಮಾತೆಯ ಜನನದ ಹಬ್ಬದ ಹೊತ್ತಿಗೆ ಅವಳು ಮನೆಗೆ ವಾಪಸಾಗಿದ್ದಳು. ನಮಗೆ ಗೊತ್ತಾದದ್ದು ಕ್ರಿಸ್ಮಸ್‌ಗೆ.

ಏಕೆ ಬಿಟ್ಟೆ ಎಂದು ಕೇಳಿದೆ. ಪಾಠ ಕಷ್ಟವೆಂದು ಅವಳು ಹೇಳಲಿಲ್ಲ. ಮನೆಯಲ್ಲಿ ಒಂದು ಸಾವಾಯಿತು, ಹನ್ನೆರಡು ದಿನ ಹಾಡಿಯಲ್ಲಿದ್ದಳು. ಹಿಂತಿರುಗಿದಾಗ ಹಾಜರಿ ಕಡಿಮೆಯಾಗಿತ್ತು. ಯಾರಿಗೆ ಅರ್ಜಿ ಕೊಡಬೇಕು, ಹೇಗೆ ಬರೆಯಬೇಕು ತಿಳಿಯಲಿಲ್ಲ. ಕೇಳಲು ನಾಚಿಕೆ. ಹಾಸ್ಟೆಲಿನಲ್ಲಿ ಮಾತಾಡಲು ಯಾರೂ ಇಲ್ಲ. ಒಂದು ಬೆಳಿಗ್ಗೆ ಬಸ್ ಹತ್ತಿದಳು. ಈಗ ದಿನಗೂಲಿಗೆ ಲಂಟಾನ ಕೀಳುತ್ತಾಳೆ.

ಒಂದು ಪುಟದ ಅರ್ಜಿ ಸಾಕಿತ್ತು. ನಾನು ಅದೇ ಊರಿನಲ್ಲಿದ್ದೆ. ಬ್ಯಾಗು ಕೊಟ್ಟ ನಾವು ಒಂದು ಸಲವೂ ಫೋನ್ ಮಾಡಲಿಲ್ಲ.

5. ಎಮ್ಮಾವು ದಾರಿಯ ಪಾಠ

ಲೂಕನ ಶುಭಸಂದೇಶದಲ್ಲಿ ಇಬ್ಬರು ಶಿಷ್ಯರು ಬೇಸರದಿಂದ ಜೆರುಸಲೇಮ್ ಬಿಟ್ಟು ಹೊರಟಿದ್ದಾರೆ. ಪುನರುತ್ಥಾನರಾದ ಪ್ರಭು ಅವರನ್ನು ನಿಲ್ಲಿಸಿ ಉಪದೇಶ ಮಾಡಲಿಲ್ಲ. ಮೊದಲು ಜೊತೆಗೆ ನಡೆದರು. ಆಮೇಲೆ ಏನಾಯಿತೆಂದು ಕೇಳಿದರು. ಅವರು ಹೇಳುವುದನ್ನೆಲ್ಲ ಕೇಳಿಸಿಕೊಂಡ ಮೇಲೆ ವಿವರಿಸಿದರು. ಕತ್ತಲಾದಾಗ ಅವರ ಮನೆಯಲ್ಲಿ ಊಟಕ್ಕೆ ಕುಳಿತರು. ನಾವು ಇದನ್ನು ತಲೆಕೆಳಗು ಮಾಡುತ್ತೇವೆ: ಮೊದಲು ಕೊಡುತ್ತೇವೆ, ಆಮೇಲೆ ಹೇಳುತ್ತೇವೆ, ಕೇಳುವುದೇ ಇಲ್ಲ.

ಒಂದು ಎಚ್ಚರಿಕೆಯೂ ಇರಲಿ. ಈ ನೆರವು ಯಾರನ್ನೂ ಚರ್ಚಿಗೆ ಕರೆತರುವ ಉಪಾಯವಲ್ಲ. ನೆರವಿನ ಹಿಂದೆ ಷರತ್ತು ಇದ್ದರೆ ಅದು ಪ್ರೀತಿಯಲ್ಲ. ಹಾಗೆಯೇ, ಕಾಡಿನ ಮಕ್ಕಳು ಕಾಡಿನ ವಿಷಯವನ್ನೇ ಓದಬೇಕೆಂದು ನಾವು ನಿರ್ಧರಿಸಬಾರದು. ಒಬ್ಬಳಿಗೆ ನರ್ಸಿಂಗ್ ಇಷ್ಟ, ಇನ್ನೊಬ್ಬನಿಗೆ ಬಿ.ಕಾಂ. ಆಯ್ಕೆ ಅವರದು, ದಾರಿ ತೋರಿಸುವುದು ಮಾತ್ರ ನಮ್ಮದು.

6. ಮಾಡಬಹುದಾದ ನಾಲ್ಕು ಕೆಲಸಗಳು

ಹತ್ತನೆಯ ತರಗತಿಯಲ್ಲೇ ಮಾತಾಡೋಣ. ಪರಿಸರ ವಿಜ್ಞಾನದ ದಾರಿ ತೀರ್ಮಾನವಾಗುವುದು ಕಾಲೇಜಿನಲ್ಲಿ ಅಲ್ಲ, ಹನ್ನೊಂದನೆಯ ತರಗತಿಯ ಗ್ರೂಪ್ ಆಯ್ಕೆಯಲ್ಲಿ. ಅಲ್ಲಿ ವಿಜ್ಞಾನ ಬಿಟ್ಟುಹೋದರೆ ಆಮೇಲೆ ಬಿ.ಎಸ್ಸಿ. ಪ್ರಾಣಿಶಾಸ್ತ್ರವಾಗಲಿ, ಮೆಟ್ಟುಪಾಳಯಂ ಅರಣ್ಯ ಕಾಲೇಜಿನ ಬಿ.ಎಸ್ಸಿ. ಫಾರೆಸ್ಟ್ರಿಯಾಗಲಿ ಸಿಗುವುದು ಕಷ್ಟ. ಉದಕಮಂಡಲದ ಸರ್ಕಾರಿ ಕಲಾ ಕಾಲೇಜಿನಲ್ಲೇ ವನ್ಯಜೀವಿ ಶಾಸ್ತ್ರ ಓದಬಹುದು, ಕೊಯಮತ್ತೂರಿನ ಆನೈಕಟ್ಟಿಯಲ್ಲಿ ಪಕ್ಷಿ ಸಂಶೋಧನೆಗೇ ಸಲೀಂ ಅಲಿ ಅವರ ಹೆಸರಿನ ಕೇಂದ್ರವಿದೆ ಎಂದು ಹದಿನೈದು ವರ್ಷದ ಮಕ್ಕಳಿಗೆ ಯಾರಾದರೂ ಹೇಳಬೇಕು.

ಕಾಗದ ಪತ್ರ ಮೊದಲೇ ಸರಿಮಾಡಿಸೋಣ. ತಮಿಳುನಾಡಿನಲ್ಲಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಕೊಡುವುದು ತಹಶೀಲ್ದಾರರಲ್ಲ, ಕಂದಾಯ ವಿಭಾಗಾಧಿಕಾರಿ. ಮನೆಯಲ್ಲಿ ಜೇನುಕುರುಬ ಎನ್ನುತ್ತಾರೆ, ಸರ್ಕಾರದ ಪಟ್ಟಿಯಲ್ಲಿ ಇರುವುದು ಕಾಟ್ಟುನಾಯಕನ್. ಶಾಲೆಯ ದಾಖಲೆ, ಆಧಾರ್, ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಇರಲಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಇವೇ ಬೇಕು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ಪುದುಮೈ ಪೆಣ್, ಹುಡುಗರಿಗೆ ತಮಿಳ್ ಪುದಲ್ವನ್ ಯೋಜನೆಗಳಡಿ ತಿಂಗಳಿಗೆ 1000 ರೂ. ಇದೆ. ಈ ಅರ್ಜಿಗಳನ್ನು ಜೊತೆಗೆ ಕುಳಿತು ತುಂಬೋಣ.

ಮೊದಲ ನೂರು ದಿನ ಜೊತೆಗಿರೋಣ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಬರುವ ಮಗುವಿಗೆ ಊಟಿಯ ಚಳಿಯೇ ಹೊಸದು. ಕಾಲೇಜಿನ ಹತ್ತಿರವಿರುವ ನಮ್ಮ ಒಂದು ಕುಟುಂಬ ಒಬ್ಬ ವಿದ್ಯಾರ್ಥಿಯ ಹೆಸರು ತೆಗೆದುಕೊಳ್ಳಲಿ. ವಾರಕ್ಕೊಂದು ಫೋನು, ತಿಂಗಳಿಗೊಂದು ಭಾನುವಾರದ ಊಟ. ಹಾಜರಿ, ಫೀಸು, ರಜೆ ಅರ್ಜಿ ಏನೇ ತೊಡಕಾದರೂ ಕೇಳಲು ಒಂದು ಮನೆ ಇರಲಿ.

ನಮ್ಮ ಮಾತನ್ನು ಉಪಯೋಗಿಸೋಣ. ನಮ್ಮಲ್ಲಿ ವಿಜ್ಞಾನ ಓದಿದವರು ಶನಿವಾರ ಎರಡು ಗಂಟೆ ಕೊಟ್ಟರೆ ಸಾಕು. ಪಾಠವನ್ನು ಮೊದಲು ಮನೆಮಾತಿನಲ್ಲಿ ವಿವರಿಸಿ, ಆಮೇಲೆ ತಮಿಳು, ಇಂಗ್ಲಿಷ್ ಪದ ಕೊಡೋಣ. ಅವರಿಂದ ಗಿಡ, ಹಕ್ಕಿಗಳ ಹೆಸರು ನಾವೂ ಕಲಿಯೋಣ. ನನ್ನ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇಲ್ಲದ ಗಿಡಗಳನ್ನು ನನಗೆ ತೋರಿಸಿದ್ದು ಎಂಟನೆಯ ತರಗತಿಯ ಹುಡುಗ.

ಆ ಹುಡುಗಿಯನ್ನು ಕಳೆದ ತಿಂಗಳು ಮತ್ತೆ ಭೇಟಿಯಾದೆ. ಈ ವರ್ಷ ಅರ್ಜಿ ಹಾಕುವ ಮಾತಾಡಿದ್ದಾಳೆ, ಇನ್ನೂ ತೀರ್ಮಾನಿಸಿಲ್ಲ. ನಾನು ಒತ್ತಾಯ ಮಾಡಲಿಲ್ಲ. ನನ್ನ ನಂಬರ್ ಕೊಟ್ಟು, ಅವಳ ನಂಬರ್ ಬರೆದುಕೊಂಡು ಬಂದೆ.

ಗುಂಪಿನಲ್ಲಿ ಚರ್ಚಿಸಲು

1. ನಮ್ಮ ಮನೆಗೆ ಹತ್ತಿರದ ಹಾಡಿ ಯಾವುದು? ಅಲ್ಲಿ ಈ ವರ್ಷ ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿದವರು ಯಾರೆಂದು ನಮಗೆ ಗೊತ್ತೇ?
2. ನಮ್ಮ ಓದಿನ ದಾರಿಯಲ್ಲಿ ಜೊತೆಗೆ ನಡೆದವರು ಯಾರು? ಅವರು ಇಲ್ಲದಿದ್ದರೆ ಏನಾಗುತ್ತಿತ್ತು?
3. ಕೊಟ್ಟು ಮರೆತ ನೆರವು ನಮ್ಮದೇನಾದರೂ ಇದೆಯೇ?
4. ಮೇಲಿನ ನಾಲ್ಕರಲ್ಲಿ ನಮ್ಮ ಗುಂಪು ಜೂನ್ ಒಳಗೆ ಯಾವುದನ್ನು ಆರಂಭಿಸಬಹುದು? ಯಾರ ಹೊಣೆ?

ಪ್ರಾರ್ಥನೆ

ದಾರಿಯಲ್ಲಿ ನಮ್ಮೊಡನೆ ನಡೆಯುವ ಪ್ರಭುವೇ, ಈ ಬೆಟ್ಟಗಳನ್ನೂ ಕಾಡುಗಳನ್ನೂ ನೀವು ನಮಗಿಂತ ಮೊದಲು ಇಲ್ಲಿ ನೆಲೆಸಿದವರ ಕೈಗೆ ಒಪ್ಪಿಸಿದ್ದಿರಿ. ಅವರ ಮಕ್ಕಳು ಓದಿಗೆ ಹೊರಟಾಗ ಒಂಟಿಯಾಗದಿರಲಿ. ಕೊಡುವ ಮೊದಲು ಕೇಳಿಸಿಕೊಳ್ಳುವ ಕಿವಿಯನ್ನು, ಕೊಟ್ಟ ಮೇಲೆ ಮರೆಯದ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.